ಹೂ ಮುಡಿದರೂ ‘ವೇರ್’, ಸೀರೆ ಉಟ್ಟರೂ ‘ವೇರ್’

ಕನ್ನಡದಲ್ಲಿ ನಾವು ಸೀರೆಯನ್ನು ಉಡುತ್ತೇವೆ, ಬಳೆಯನ್ನು ತೊಡುತ್ತೇವೆ, ಮಲ್ಲಿಗೆಯನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ, ಗಡ್ಡವನ್ನು ಬಿಡುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಆದ್ದರಿಂದ ಅದನ್ನು ‘ಧರಿಸು’ ಎಂದಷ್ಟೇ ಬಾಯಿಪಾಠ ಮಾಡದೆ, ಅದರ ಜೊತೆಗೆ ಬರುವ ಪದಗಳೊಂದಿಗೇ ಕಲಿಯಬೇಕು.

ಮೊದಲು ನೋಟ್‌ಬುಕ್ಕಿನಲ್ಲಿ ವೇರ್, ವೋರ್, ವೋರ್ನ್ ಎಂಬ ಮೂರು ರೂಪಗಳನ್ನು ಬರೆದುಕೊಳ್ಳಿ. ಬಳಿಕ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಾಲು ಗಂಟೆ ನಿಂತು, ಕಂಡದ್ದನ್ನು ಪುಟದ ಎಡಗಡೆ ಕನ್ನಡದಲ್ಲೇ ಬರೆಯಿರಿ: ಜರಿಯಂಚಿನ ರೇಷ್ಮೆ ಸೀರೆ ಉಟ್ಟ ಅಜ್ಜಿ, ಕನ್ನಡಕ ಹಾಕಿಕೊಂಡು ಮೊಳ ಅಳೆಯುತ್ತಿರುವ ಹೂವಾಡಗಿತ್ತಿ, ಹೆಲ್ಮೆಟ್ ತೆಗೆಯದೆಯೇ ಚೌಕಾಸಿಗಿಳಿದ ಹುಡುಗ. ಬಲಗಡೆ ‘ವೇರ್ ಎ ಸ್ಯಾರಿ’, ‘ವೇರ್ ಗ್ಲಾಸಸ್’, ‘ವೇರ್ ಎ ಹೆಲ್ಮೆಟ್’ ಎಂದು ಜೋಡಿಸಿ. ಹೂವಿಗೆ ಮಾತ್ರ ‘ಇನ್ ಹರ್ ಹೇರ್’ ಎಂದು ಸೇರಿಸುವುದು ಒಳ್ಳೆಯದು. ನಮ್ಮ ‘ಮುಡಿ’ಯಲ್ಲಿ ತಲೆಗೂದಲು ಆಗಲೇ ಸೇರಿಕೊಂಡಿದೆ, ‘ವೇರ್’ನಲ್ಲಿ ಇಲ್ಲ.

ಹೆಚ್ಚು ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ, ಆದ್ದರಿಂದ ಇಲ್ಲಿ ನಿಧಾನಿಸಬೇಕು. ‘ಅಜ್ಜಿ ಸೀರೆ ಉಟ್ಟಿದ್ದಾರೆ’ ಎಂಬಲ್ಲಿ ಉಡುವ ಕೆಲಸ ಮುಗಿದಿದೆ. ಆ ಜಾಡಿನಲ್ಲೇ ನಮ್ಮ ಮಕ್ಕಳು ‘ಶಿ ಹ್ಯಾಸ್ ವೋರ್ನ್ ಎ ಸ್ಯಾರಿ’ ಎನ್ನುತ್ತಾರೆ. ಆದರೆ ‘ವೇರ್’ ಹೇಳುವುದು ಉಡುವ ಕೆಲಸವನ್ನಲ್ಲ, ಉಟ್ಟ ಸ್ಥಿತಿಯನ್ನು. ಸೀರೆ ಮೈಮೇಲಿರುವಷ್ಟು ಹೊತ್ತೂ ‘ಶಿ ಈಸ್ ವೇರಿಂಗ್ ಎ ಸ್ಯಾರಿ’ ಎಂದೇ ಹೇಳಬೇಕು. ಅಜ್ಜಿ ಇನ್ನೂ ಕನ್ನಡಿಯ ಮುಂದೆ ನಿರಿಗೆ ಹಿಡಿಯುತ್ತಿದ್ದರೆ ‘ಶಿ ಈಸ್ ಪುಟಿಂಗ್ ಆನ್ ಎ ಸ್ಯಾರಿ’ ಎನ್ನಬೇಕು. ದಿನವೂ ಉಡುವ ರೂಢಿಯಿದ್ದರೆ ‘ಶಿ ವೇರ್ಸ್ ಎ ಸ್ಯಾರಿ’, ಬಿಚ್ಚುವುದಕ್ಕೆ ‘ಟೇಕ್ ಆಫ್’. ಮನೆಯ ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ನಾಲ್ಕನ್ನೂ ಗಟ್ಟಿಯಾಗಿ ಹೇಳಿ ನೋಡಿ. ವ್ಯಾಕರಣದ ವಿವರಣೆಗಿಂತ ಇದು ಬೇಗ ಮನದಟ್ಟಾಗುತ್ತದೆ ಎಂಬುದು ನನ್ನ ನಂಬಿಕೆ.

ಕೊನೆಯಲ್ಲಿ ‘ಔಟ್’ ಮತ್ತು ‘ಆಫ್’ ಸೇರಿದ ಬಳಕೆಗಳನ್ನು ಕಲಿಯಿರಿ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ತುಳಿದು ಅಟ್ಟೆ ಸವೆದ ಚಪ್ಪಲಿ ‘ವೋರ್ನ್ ಔಟ್’. ಆಲೆಮನೆಯಲ್ಲಿ ರಾತ್ರಿಯೆಲ್ಲ ಕೊಪ್ಪರಿಗೆಯ ಮುಂದೆ ನಿಂತು ದಣಿದವರೂ ‘ವೋರ್ನ್ ಔಟ್’. ಹಲ್ಲು ಕೀಳಿಸಿಕೊಂಡ ಬಳಿಕ ಇಂಜೆಕ್ಷನ್ನಿನ ಮರಗಟ್ಟು ಇಳಿಯುವುದಕ್ಕೆ ‘ವೇರ್ ಆಫ್’ ಎನ್ನುತ್ತಾರೆ.

ದಿನಕ್ಕೆ ಮೂರು ಜೋಡಿಯಂತೆ ಒಂದು ವಾರ ಬರೆದು, ಎಂಟನೆಯ ದಿನ ಬಲಗಡೆಯನ್ನು ಕೈಯಿಂದ ಮುಚ್ಚಿ, ಕನ್ನಡವನ್ನಷ್ಟೇ ನೋಡಿ ಇಂಗ್ಲಿಷ್ ವಾಕ್ಯಗಳನ್ನು ಹೇಳಿ. ತಡವರಿಸಿದ ಜೋಡಿಗೆ ಗುರುತು ಹಾಕಿಟ್ಟು, ಮರುದಿನ ಅದರಿಂದಲೇ ಆರಂಭಿಸಿ.