640 ಕೋರ್, ಎರಡು ಕಾರ್ಡ್: ಜಿಟಿಎಕ್ಸ್ 960ಎಂ ಮತ್ತು 1050, ನನ್ನ ಅನುಭವ

ಎನ್‌ವಿಡಿಯಾದ 960ಎಂ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಗುಜರಿಗೇ ಸರಿ, ಗೇಮ್ ಆಡಬೇಕೆಂದರೆ ಕನಿಷ್ಠ 1050 ಬೇಕು ಎನ್ನುವ ಮಾತು ಸೆಕೆಂಡ್ ಹ್ಯಾಂಡ್ ಕೊಳ್ಳುವವರಲ್ಲಿ ಬೇರೂರಿಬಿಟ್ಟಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಬಿಚ್ಚಿ, ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಬದಲಿಸಿ, ಒಂದೇ ಗೇಮಿನ ಒಂದೇ ಜಾಗದಲ್ಲಿ ಓಡಿಸಿ ನೋಡಿದ ಮೇಲೆ ನನ್ನ ತೀರ್ಮಾನ ಬೇರೆ. 4 ಜಿಬಿ ವಿಡಿಯೋ ಮೆಮೊರಿಯ 960ಎಂ ಅನ್ನು ಸರಿಯಾಗಿ ಸಿದ್ಧ ಮಾಡಿ ಸೆಕೆಂಡಿಗೆ 48 ಫ್ರೇಮಿಗೆ ಕಟ್ಟಿ ನಿಲ್ಲಿಸಿದರೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಭಾರವಿರುವ ಗೇಮ್‌ಗಳಲ್ಲಿ 2 ಜಿಬಿಯ 1050ಗಿಂತ ಅದರಲ್ಲೇ ಆಟ ಹಿತ. ಅದಕ್ಕಾಗಿ ಪರದೆಯನ್ನೂ 48 ಹರ್ಟ್ಸ್‌ಗೆ ಇಳಿಸುವ ವಿಚಾರ ಕೇಳಿ ನಕ್ಕವರೇ ಹೆಚ್ಚು. ಆಡಿ ನೋಡಿದವರಲ್ಲಿ ಯಾರೂ ಮತ್ತೆ 60ಕ್ಕೆ ಮರಳಿಲ್ಲ.

ಮೊದಲು ಎರಡರ ಜಾತಕ. 960ಎಂ 2015ರದ್ದು, ಒಳಗಿರುವುದು ಮ್ಯಾಕ್ಸ್‌ವೆಲ್ ತಲೆಮಾರಿನ ಜಿಎಂ107 ಚಿಪ್. ಅಂದರೆ 2014ರಲ್ಲಿ ಡೆಸ್ಕ್‌ಟಾಪಿಗೆ ಬಂದ 750 ಟಿಐನ ಚಿಪ್ಪೇ. 640 ಕೋರ್, 128 ಬಿಟ್ ಮೆಮೊರಿ ಬಸ್, ಸೆಕೆಂಡಿಗೆ 80 ಜಿಬಿ ಮೆಮೊರಿ ವೇಗ, 28 ನ್ಯಾನೋಮೀಟರ್. 1050 ಲ್ಯಾಪ್‌ಟಾಪಿಗೆ ಬಂದದ್ದು 2017ರ ಆರಂಭದಲ್ಲಿ, ಚಿಪ್ ಪ್ಯಾಸ್ಕಲ್ ತಲೆಮಾರಿನ ಜಿಪಿ107. ಅದರಲ್ಲೂ 640 ಕೋರ್, 128 ಬಿಟ್. ಬದಲಾದದ್ದು 14 ನ್ಯಾನೋಮೀಟರ್ ತಯಾರಿಕೆ, ಅದರಿಂದ ಸಿಕ್ಕ ಹೆಚ್ಚಿನ ಕ್ಲಾಕ್ (ಕೋರ್ ಓಡುವ ವೇಗ), ಮತ್ತು 112 ಜಿಬಿಗೆ ಏರಿದ ಮೆಮೊರಿ ವೇಗ. 960ಎಂ ಬೂಸ್ಟ್ ಕ್ಲಾಕ್ 1176 ಮೆಗಾಹರ್ಟ್ಸ್, 1050ಯದ್ದು ಕಾಗದದ ಮೇಲೆ 1493. ಗೇಮಿನಲ್ಲಿ ಅದು 1600ರ ಮೇಲೇ ಇರುತ್ತದೆ.

ಕೋರ್ ಸಂಖ್ಯೆಯೂ ಬಸ್ಸೂ ಒಂದೇ ಆಗಿರುವುದರಿಂದ ಇವೆರಡನ್ನು ಒಂದೇ ಕ್ಲಾಕಿಗೆ ತಂದು ನಿಲ್ಲಿಸಬಹುದು. ಮಾಮೂಲಿ ಹೋಲಿಕೆಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಕಾರ್ಡಿನ ಕ್ಲಾಕ್ ಬದಲಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ, ಯಾವ ವೋಲ್ಟೇಜಿಗೆ ಯಾವ ಕ್ಲಾಕ್ ಎಂದು ತೋರಿಸುವ 1050ಯ ಕರ್ವ್ ತೆರೆದು 1180ರ ಹತ್ತಿರ ಚಪ್ಪಟೆ ಮಾಡಿದೆ. ಮೆಮೊರಿಯನ್ನು ಪೂರ್ತಿ ಸಮ ಮಾಡಲು ಬರುವುದಿಲ್ಲ. ಸ್ಲೈಡರ್ ಮೈನಸ್ 502ಕ್ಕೆ ನಿಲ್ಲುತ್ತದೆ, 3504 ಇದ್ದದ್ದು 3002 ಆಗುತ್ತದೆ, ಅಂದರೆ 96 ಜಿಬಿ. ಪ್ರೊಸೆಸರ್‌ಗಳು ಐ5-6300ಎಚ್‌ಕ್ಯು ಮತ್ತು ಐ5-7300ಎಚ್‌ಕ್ಯು. ಎರಡೂ ನಾಲ್ಕು ಕೋರ್ ನಾಲ್ಕು ಥ್ರೆಡ್, ಹೆಚ್ಚುಕಡಿಮೆ ಒಂದೇ ತಳಿ. ಈ ಸ್ಥಿತಿಯಲ್ಲಿ 1050 ಮುಂದಿದ್ದದ್ದು ನೂರಕ್ಕೆ ಹತ್ತರ ಆಸುಪಾಸು ಅಷ್ಟೇ. ಅದರಲ್ಲೂ ಬಹುಪಾಲು ಮೆಮೊರಿ ವೇಗ ಮತ್ತು ಪ್ಯಾಸ್ಕಲ್‌ನ ಉತ್ತಮ ಬಣ್ಣದ ಕಂಪ್ರೆಶನ್‌ಗೆ ಸಲ್ಲಬೇಕು. ಉಳಿದ ಅಂತರವೆಲ್ಲ ಕ್ಲಾಕ್. ಕ್ಲಾಕ್ ಎಂದರೆ ಶಾಖ, ಶಾಖ ಎಂದರೆ ಪೇಸ್ಟ್, ಪ್ಯಾಡ್, ಫ್ಯಾನ್. ಅಷ್ಟು ಕೆಲಸ ನಮ್ಮ ಕೈಯಲ್ಲೇ ಇದೆ.

ಇದರಿಂದ ಕೊಳ್ಳುವವರಿಗೊಂದು ಎಚ್ಚರಿಕೆಯೂ ಸಿಗುತ್ತದೆ. 1050 ಮ್ಯಾಕ್ಸ್-ಕ್ಯು ಎಂಬ ತೆಳು ಲ್ಯಾಪ್‌ಟಾಪ್ ಆವೃತ್ತಿಯ ಕ್ಲಾಕ್ ಬಹಳ ಕಡಿಮೆ. ಚೆನ್ನಾಗಿ ತಣ್ಣಗಿರುವ 960ಎಂಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ದುಡ್ಡು ಕೊಡುವ ಮುಂಚೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಹೆಸರಿನ ಕೊನೆಯನ್ನು ಓದಿ. ಹಾಗೆಯೇ 950ಎಂ ಅನ್ನು 960ಎಂ ಎಂದು ಮಾರುವವರಿದ್ದಾರೆ. ಅದರಲ್ಲಿ ಡಿಡಿಆರ್3 ಮೆಮೊರಿಯ ತಳಿಯೂ ಇದೆ, ಅದು ಗೇಮಿಗೆ ಪ್ರಯೋಜನವಿಲ್ಲ. ಬ್ಯಾಂಡ್‌ವಿಡ್ತ್ (ಮೆಮೊರಿ ವೇಗ) 80 ಎಂದು ತೋರಿಸಿದರೆ ಮಾತ್ರ ಮುಂದಿನ ಮಾತು.

ಕ್ಲಾಕ್ ಮುಟ್ಟದ ಮಾಮೂಲಿ ಸ್ಥಿತಿಯಲ್ಲಿ ಸೆಕೆಂಡಿಗೆ ಸಿಕ್ಕ ಫ್ರೇಮ್‌ಗಳು, ನೆನಪಿನಿಂದ. ಜಿಟಿಎ 5, 1080ಪಿ, ಹೈ ಮತ್ತು ನಾರ್ಮಲ್ ಬೆರೆಸಿ: 960ಎಂ 55ರಿಂದ 58, 1050 ಸುಮಾರು 78. ವಿಚರ್ 3, ಹಳೆಯ 1.32 ಆವೃತ್ತಿ, ಮೀಡಿಯಂ, ಕೂದಲಿನ ಎಫೆಕ್ಟ್ ಹೇರ್‌ವರ್ಕ್ಸ್ ಆಫ್: 34 ಎದುರು 47. ಸಿಎಸ್2 ಲೋ: 65 ಎದುರು 90ರ ಹತ್ತಿರ. ಸರಾಸರಿ ನೋಡಿದರೆ 1050 ಗೆದ್ದೇ ಗೆಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ರೈಸ್ ಆಫ್ ದ ಟೂಂಬ್ ರೇಡರ್‌ನಲ್ಲಿ ಟೆಕ್ಸ್ಚರ್ ಹೈ ಇಟ್ಟು ಓಡಿಸಿ. 2 ಜಿಬಿಯ 1050ಯಲ್ಲಿ ಸರಾಸರಿ ಚೆಂದ ಕಾಣುತ್ತಲೇ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಫ್ರೇಮ್ 80, 100 ಮಿಲಿಸೆಕೆಂಡ್ ನಿಂತುಬಿಡುತ್ತದೆ. ಹಿಡಿಸದ ಟೆಕ್ಸ್ಚರ್ ಸಿಸ್ಟಮ್ ರ‍್ಯಾಮ್‌ಗೆ ಚೆಲ್ಲಿ, ಅಲ್ಲಿಂದ ಪಿಸಿಐ ದಾರಿಯಲ್ಲಿ ಎಳೆದು ತರಬೇಕು, ಅದಕ್ಕೇ. 4 ಜಿಬಿಯ 960ಎಂ ನಿಧಾನವಾದರೂ ನಿಲ್ಲುವುದಿಲ್ಲ. ವಿಚರ್ 3 ಹಳೆಯ ಆವೃತ್ತಿ ವಿಡಿಯೋ ಮೆಮೊರಿ ಕಡಿಮೆ ತಿನ್ನುವ ಗೇಮ್. ಅದೊಂದನ್ನೇ ಓಡಿಸಿ 2 ಜಿಬಿ ಸಾಕು ಎನ್ನುವವರ ಮಾತು ನಂಬಬೇಡಿ.

ಇನ್ನು ಶಾಖ. ಈ ಕಾಲದ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು ಮತ್ತು ಜಿಪಿಯು (ಗ್ರಾಫಿಕ್ಸ್ ಚಿಪ್) ಒಂದೇ ಹೀಟ್‌ಪೈಪ್ ಹಂಚಿಕೊಳ್ಳುತ್ತವೆ. ಹಾಗಾಗಿ 960ಎಂ ತಣ್ಣಗಾಗಬೇಕಾದರೆ ಮೊದಲು ಸಿಪಿಯು ತಣ್ಣಗಾಗಬೇಕು. ಸಿಪಿಯು ವೋಲ್ಟೇಜ್ ಇಳಿಸುವ ಥ್ರಾಟಲ್‌ಸ್ಟಾಪ್ ತಂತ್ರಾಂಶದಲ್ಲಿ 6300ಎಚ್‌ಕ್ಯುಗೆ ಮೈನಸ್ 110ರಿಂದ 120 ಮಿಲಿವೋಲ್ಟ್ ಸಾಮಾನ್ಯವಾಗಿ ಒಪ್ಪುತ್ತದೆ. ಕೋರ್ ಮತ್ತು ಕ್ಯಾಶ್ ಎರಡಕ್ಕೂ ಒಂದೇ ಅಂಕಿ ಕೊಡಬೇಕು, ಒಂದಕ್ಕೆ ಮಾತ್ರ ಕೊಟ್ಟರೆ ಏನೂ ಬದಲಾಗುವುದಿಲ್ಲ. ಲಾಕ್ಡ್ ಎಂದು ತೋರಿಸಿದರೆ, 2019ರ ಕೊನೆಯಲ್ಲಿ ಹೊರಬಂದ ಪ್ಲಂಡರ್‌ವೋಲ್ಟ್ ಭದ್ರತಾ ದೋಷದ ನಂತರ ವೋಲ್ಟೇಜ್ ಬದಲಾವಣೆಗೆ ಬೀಗ ಹಾಕಿದ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅದರಲ್ಲಿದೆ ಎಂದರ್ಥ. ಕೆಲವು ಲ್ಯಾಪ್‌ಟಾಪ್ ಹಳೆಯ ಬಯೋಸಿಗೆ ಹಿಂದಿರುಗಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಡದಿದ್ದರೆ ಸಿಪಿಯುವಿನ ಗರಿಷ್ಠ ವೇಗ ನಿರ್ಧರಿಸುವ ಟರ್ಬೋ ಗುಣಕವನ್ನು ಇಳಿಸುವುದೊಂದೇ ದಾರಿ.

ದುಡ್ಡು ಹೆಚ್ಚು ಹಾಳಾಗುವುದು ಪೇಸ್ಟ್ ವಿಚಾರದಲ್ಲಿ. ತೆಳುವಾದ ಪೇಸ್ಟ್ ಹಚ್ಚಿದ ವಾರದಲ್ಲಿ ಹತ್ತು ಡಿಗ್ರಿ ಇಳಿಯುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಲ್ಲಿಗೆ. ಲ್ಯಾಪ್‌ಟಾಪಿನ ಡೈ (ಚಿಪ್ಪಿನ ಸಿಲಿಕಾನ್ ತುಣುಕು) ಲೋಹದ ಮುಚ್ಚಳವಿಲ್ಲದ ಬರಿಮೈಯದ್ದು, ಬಿಸಿಯಾಗಿ ತಣ್ಣಗಾಗುವಾಗಲೆಲ್ಲ ಪೇಸ್ಟ್ ಅಂಚಿಗೆ ಸರಿದುಹೋಗುತ್ತದೆ. ಇದಕ್ಕೆ ಗಟ್ಟಿ ಪೇಸ್ಟ್ ಅಥವಾ ಬಿಸಿಗೆ ಕರಗುವ ಪಿಟಿಎಂ7950 ಶೀಟ್. ನಾನು ಶೀಟಿಗೇ ನಿಂತೆ, 40 ಮಿಲಿಮೀಟರ್ ಚೌಕಕ್ಕೆ ಆಗ ಸುಮಾರು 800 ರೂಪಾಯಿ, ಎರಡು ಡೈಗೂ ಆಗಿ ಮಿಗುತ್ತದೆ. ಕತ್ತರಿಸುವ ಮುಂಚೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಪ್ಲಾಸ್ಟಿಕ್ ಹಾಳೆ ಸುಲಿಯುವಾಗ ಹರಿಯುವುದಿಲ್ಲ. ಹಚ್ಚಿದ ದಿನವೇ ಅಂಕಿ ನೋಡಿ ನಿರಾಶರಾಗಬಾರದು. 45 ಡಿಗ್ರಿ ದಾಟಿ ಕರಗಿ, ನಾಲ್ಕೈದು ಬಾರಿ ಬಿಸಿ ಮತ್ತು ತಣ್ಣಗಾದ ಮೇಲೆ ಕೂರುತ್ತದೆ. ಲಿಕ್ವಿಡ್ ಮೆಟಲ್ ಬೇಡವೇ ಬೇಡ. ಹೀಟ್‌ಸಿಂಕ್ ತಳದಲ್ಲಿ ಅಲ್ಯೂಮಿನಿಯಂ ಇದ್ದರೆ ಲಿಕ್ವಿಡ್ ಮೆಟಲ್‌ನಲ್ಲಿರುವ ಗ್ಯಾಲಿಯಂ ಅದನ್ನು ತಿಂದುಹಾಕುತ್ತದೆ.

ಮೆಮೊರಿ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಇಡುವ ಮೆತ್ತನೆಯ ಥರ್ಮಲ್ ಪ್ಯಾಡಿನ ದಪ್ಪ ಇನ್ನೂ ಮುಖ್ಯ. ವಿಡಿಯೋ ಮೆಮೊರಿಯ ಮೇಲೆ 0.5 ಬೇಕಾದಲ್ಲಿ 1 ಮಿಲಿಮೀಟರ್ ಇಟ್ಟರೆ ಹೀಟ್‌ಸಿಂಕ್ ಡೈಯಿಂದ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ಕೋರ್ ಶಾಖ ಮೊದಲಿಗಿಂತ ಏರುತ್ತದೆ. ಹಳೆಯ ಪ್ಯಾಡ್ ಒತ್ತಿ ಚಪ್ಪಟೆಯಾಗಿರುತ್ತದೆ, ಆದ್ದರಿಂದ ಒತ್ತು ಬೀಳದ ಅಂಚಿನ ಭಾಗದ ದಪ್ಪ ಅಳೆಯಿರಿ. ಹೀಟ್‌ಸಿಂಕಿನ ಸ್ಕ್ರೂ ಪಕ್ಕ 1, 2, 3, 4 ಎಂದು ಕೊರೆದಿರುತ್ತದೆ. ಅದೇ ಕ್ರಮದಲ್ಲಿ, ಒಂದೊಂದು ಸುತ್ತು ಬಿಗಿಸಿ. ಇಷ್ಟೆಲ್ಲ ಆದ ಮೇಲೆ ನನ್ನ 960ಎಂ 84ರಿಂದ 72, 73ಕ್ಕೆ ಬಂತು, ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ. ರಾಯಚೂರು, ಕಲಬುರಗಿಯವರು ಏಪ್ರಿಲ್‌ನಲ್ಲಿ ಇದಕ್ಕೆ ಹತ್ತು, ಹನ್ನೆರಡು ಡಿಗ್ರಿ ಕೂಡಿಸಿಕೊಳ್ಳಿ.

ಪಕ್ಕದ ಪ್ರಯೋಗವೊಂದು: 900 ರೂಪಾಯಿಯ ಕೂಲಿಂಗ್ ಪ್ಯಾಡ್ ಒಂದೆರಡು ಡಿಗ್ರಿ ಇಳಿಸಿತು. ಹಿಂಭಾಗಕ್ಕೆ ಎರಡು ಸೆಂಟಿಮೀಟರ್ ಎತ್ತರದ ಮರದ ತುಂಡು ಕೊಟ್ಟರೆ ಮೂರ್ನಾಲ್ಕು ಡಿಗ್ರಿ.

ಈಗ ಕ್ಲಾಕ್. 960ಎಂಗೆ ಕರ್ವ್ ಇಲ್ಲ, ಕೋರ್ ಸ್ಲೈಡರ್ ಪ್ಲಸ್ 135ಕ್ಕೆ ನಿಲ್ಲುತ್ತದೆ. ಅದನ್ನು ಪೂರ್ತಿ ಕೊಡಿ, ತಣ್ಣಗಿದ್ದರೆ 1300 ದಾಟಿ ಕೂರುತ್ತದೆ. 135ರ ಬೇಲಿ ದಾಟಲು ಕಾರ್ಡಿನದೇ ಬಯೋಸ್ ಆದ ವಿಬಯೋಸ್ ತಿದ್ದಬೇಕು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಮುಖ್ಯ ಬಯೋಸ್ ಒಳಗೇ ಇರುತ್ತದೆ. ಬಯೋಸ್ ಚಿಪ್ಪಿಗೆ ಸಿಎಚ್341ಎ ಪ್ರೋಗ್ರಾಮರ್ (ಚಿಪ್ಪಿಗೆ ಬರೆಯುವ ಸಾಧನ) ಕ್ಲಿಪ್ ಹಾಕಿ ಬರೆಯಬಹುದು, ಆದರೆ ಕಪ್ಪು ಬೋರ್ಡಿನ ಆ ಅಗ್ಗದ ಸಾಧನ ಡೇಟಾ ಲೈನಿಗೆ 5 ವೋಲ್ಟ್ ಕೊಡುತ್ತದೆ, ಚಿಪ್ 3.3ರದ್ದೋ 1.8ರದ್ದೋ ಇರುತ್ತದೆ. ಇನ್ನೊಂದು 50 ಮೆಗಾಹರ್ಟ್ಸ್‌ಗಾಗಿ ಮದರ್‌ಬೋರ್ಡ್ ಪಣಕ್ಕಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಮೆಮೊರಿಗೆ ಪ್ಲಸ್ 250 ಕೊಟ್ಟೆ, 80 ಇದ್ದದ್ದು 88 ಜಿಬಿ ಆಯಿತು. ಇಲ್ಲೊಂದು ಮೋಸವಿದೆ: ಈ ಕಾರ್ಡಿನ ಜಿಡಿಡಿಆರ್5 ಮೆಮೊರಿ ತಪ್ಪು ಕಂಡರೆ ಡೇಟಾವನ್ನು ಮತ್ತೆ ಕಳಿಸುತ್ತದೆ. ಹಾಗಾಗಿ ಮಿತಿ ಮೀರಿದಾಗ ಪರದೆಯಲ್ಲಿ ಚುಕ್ಕೆ ಕಾಣುವ ಮೊದಲೇ ಫ್ರೇಮ್ ಇಳಿಯುತ್ತದೆ. 25ರಂತೆ ಏರಿಸುತ್ತಾ, ಏರಿಕೆ ನಿಂತ ಅಂಕಿಯಿಂದ 50 ಹಿಂದೆ ಬನ್ನಿ.

1050ಯಲ್ಲಿ ತದ್ವಿರುದ್ಧ ಕೆಲಸ. ಅಲ್ಲಿ ಗಳಿಕೆ ಇರುವುದು ವೋಲ್ಟೇಜ್ ಇಳಿಸುವುದರಲ್ಲಿ. ಗೇಮಿನಲ್ಲಿ ಅದು 1 ವೋಲ್ಟ್ ಹತ್ತಿರ ಓಡುತ್ತಿತ್ತು. ಕರ್ವ್‌ನಲ್ಲಿ 0.875ರ ಬಿಂದುವನ್ನು 1620ರ ಆಸುಪಾಸಿಗೆ ಎತ್ತಿ, ಬಲಕ್ಕಿರುವುದನ್ನೆಲ್ಲ ಚಪ್ಪಟೆ ಮಾಡಿದೆ. ವೇಗ ಅಷ್ಟೇ ಉಳಿದು ಆರೇಳು ಡಿಗ್ರಿ ಇಳಿಯಿತು. ಗೋಡೆಯ ಮೀಟರಿನಲ್ಲಿ ಇಡೀ ಲ್ಯಾಪ್‌ಟಾಪ್ 100 ವ್ಯಾಟ್‌ನಿಂದ 85ರ ಹತ್ತಿರಕ್ಕೆ ಬಂತು. ಇದನ್ನು ಕಾರ್ಡನ್ನು ದಣಿಸುವ ಫರ್‌ಮಾರ್ಕ್ ತಂತ್ರಾಂಶದಲ್ಲಿ ಪರೀಕ್ಷಿಸಬೇಡಿ. ಅದು ಪವರ್ ಮಿತಿಗೆ ಬಡಿದು ಕ್ಲಾಕ್ ತಾನೇ ಇಳಿಸಿಕೊಳ್ಳುತ್ತದೆ, ಕರ್ವ್‌ನ ಮೇಲಿನ ಬಿಂದು ಪರೀಕ್ಷೆಗೇ ಬರುವುದಿಲ್ಲ. ವಿಚರ್ 3ರ ನೊವಿಗ್ರಾಡ್ ಪೇಟೆಯಲ್ಲಿ ಒಂದು ಗಂಟೆ ಸುತ್ತಿ. ವಿಂಡೋಸ್ ಇವೆಂಟ್ ವ್ಯೂವರ್‌ನಲ್ಲಿ 4101 (ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿತು ಎನ್ನುವ ದಾಖಲೆ) ಬಿದ್ದಿದ್ದರೆ 15 ಮೆಗಾಹರ್ಟ್ಸ್ ಇಳಿಸಿ. ನನ್ನ ಕರ್ವ್‌ನ ಕೆಳಗಿನ ಮೂರು ಬಿಂದುಗಳು ಎಲ್ಲಿವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೆನುವಿನಿಂದ ಗೇಮಿಗೆ ಹೋಗುವಾಗ ಆಗುವ ಕ್ರ್ಯಾಶ್ ನಿಲ್ಲುವುದು ಅಲ್ಲೇ, ಕೂತು ಹುಡುಕಿದವರಿಗೆ ಸಿಗುತ್ತದೆ.

48 ಹರ್ಟ್ಸ್‌ಗೆ ಬರೋಣ. 60 ಹರ್ಟ್ಸ್ ಪರದೆಯಲ್ಲಿ, ಫ್ರೇಮನ್ನು ಪರದೆಯ ರಿಫ್ರೆಶ್‌ಗೆ ಹೊಂದಿಸುವ ವಿ-ಸಿಂಕ್ ಹಾಕಿದಾಗ 16.7 ಮಿಲಿಸೆಕೆಂಡ್ ತಪ್ಪಿದ ಫ್ರೇಮ್ 33.3ಕ್ಕೆ ಹಾರುತ್ತದೆ. 50ರಿಂದ 58ರ ನಡುವೆ ತೂಗಾಡುವ 960ಎಂಗೆ ಇದು ಪ್ರತಿ ಕ್ಷಣದ ಗೋಳು. ಪರದೆಯನ್ನೇ 48ಕ್ಕೆ ಇಳಿಸಿದರೆ ಪ್ರತಿ ಫ್ರೇಮಿಗೂ 20.8 ಮಿಲಿಸೆಕೆಂಡ್ ಸಿಗುತ್ತದೆ. ಇಂಟೆಲ್, ಎನ್‌ವಿಡಿಯಾ ಎರಡೂ ಗ್ರಾಫಿಕ್ಸ್ ಇರುವ ಆಪ್ಟಿಮಸ್ ಲ್ಯಾಪ್‌ಟಾಪಿನಲ್ಲಿ ಪರದೆ ಇಂಟೆಲ್ ಕಡೆಗೆ ಜೋಡಿಸಿರುವುದರಿಂದ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈ ಆಯ್ಕೆ ಸಿಗುವುದಿಲ್ಲ. ಅದನ್ನು ನೋಡಿಯೇ ಹಲವರು ಆಗುವುದಿಲ್ಲ ಎಂದು ಕೈಬಿಡುತ್ತಾರೆ. ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ ಎಂಬ ತಂತ್ರಾಂಶದಲ್ಲಿ ಲ್ಯಾಪ್‌ಟಾಪ್ ಪ್ಯಾನೆಲ್ ಆರಿಸಿ, ಡಿಟೇಲ್ಡ್ ರೆಸಲ್ಯೂಶನ್‌ನಲ್ಲಿ ಇರುವ 60ರ ಸಾಲನ್ನು ಹಾಗೇ ಬಿಟ್ಟು, ಅದೇ ಟೈಮಿಂಗ್‌ನ ಇನ್ನೊಂದು ಸಾಲು ಸೇರಿಸಿ, ರಿಫ್ರೆಶ್ ಮಾತ್ರ 48 ಮಾಡಿ. ಪಿಕ್ಸೆಲ್ ಕ್ಲಾಕ್ 138.5 ಮೆಗಾಹರ್ಟ್ಸ್‌ನಿಂದ 111ರ ಹತ್ತಿರಕ್ಕೆ ಬರಬೇಕು. ಜೊತೆಗೇ ಬರುವ ರಿಸ್ಟಾರ್ಟ್64 ಒತ್ತಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 48 ಆರಿಸಿ. ಪರದೆ ಕಪ್ಪಾದರೆ ರೀಸೆಟ್-ಆಲ್ ಓಡಿಸಬೇಕು, ಅದಕ್ಕಾಗಿ ಮೊದಲೇ ಎಚ್‌ಡಿಎಂಐಗೆ ಟಿವಿ ಜೋಡಿಸಿಟ್ಟುಕೊಳ್ಳಿ. ನಂತರ ಫ್ರೇಮ್ ದರ ಕಟ್ಟುವ ರಿವಾಟ್ಯೂನರ್ ತಂತ್ರಾಂಶದಲ್ಲಿ ಮಿತಿ 48. ಕೆಲವು ಪ್ಯಾನೆಲ್ ಈ ವೇಗದಲ್ಲಿ ಮಿನುಗುತ್ತವೆ, ಅಂಥದ್ದಕ್ಕೆ 50 ಪ್ರಯತ್ನಿಸಿ.

ಜಿಟಿಎ 5 ಹೀಗೆ 1080ಪಿಯಲ್ಲಿ ಗೆರೆ ಎಳೆದಂತೆ ನಿಂತಿತು. ವಿಚರ್ 3 ಓವರ್‌ಕ್ಲಾಕ್ ಸೇರಿಸಿಯೂ 1080ಪಿಯಲ್ಲಿ 38ರ ಹತ್ತಿರವೇ. ಅದನ್ನು 1600x900ಕ್ಕೆ ಇಳಿಸಿದಾಗ 48 ಸಿಕ್ಕಿತು. ಸಿಎಸ್2ನಂಥ ಶೂಟಿಂಗ್ ಗೇಮಿಗೆ ಈ ವಿಧಾನ ಬೇಡ, ಅಲ್ಲಿ ಮಿತಿ ತೆಗೆದು 60 ಹರ್ಟ್ಸ್‌ನಲ್ಲೇ ಆಡಬೇಕು. ಅಂಥ ಗೇಮ್‌ಗಳೇ ಮುಖ್ಯವಾದವರು ಕಣ್ಣುಮುಚ್ಚಿ 1050 ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ. ನಾನು ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಿದಾಗ 4 ಜಿಬಿ 960ಎಂ ಲ್ಯಾಪ್‌ಟಾಪ್ 18ರಿಂದ 20 ಸಾವಿರ, 2 ಜಿಬಿ 1050 ಸುಮಾರು 25, 4 ಜಿಬಿ 1050 ಎಂದರೆ 28ರ ಹತ್ತಿರ. 960ಎಂಗೆ ಶೀಟ್, ಪ್ಯಾಡ್, ಎರಡನೇ 8 ಜಿಬಿ ರ‍್ಯಾಮ್ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಎರಡನೇ ರ‍್ಯಾಮ್ ಬಿಡಬೇಡಿ. ಒಂದೇ ಕಡ್ಡಿಯಲ್ಲಿ ಜಿಟಿಎ 5ರ ಕನಿಷ್ಠ ಫ್ರೇಮ್ ಕುಸಿಯುತ್ತದೆ, ಅದಕ್ಕೆ ಯಾವ ಕಾರ್ಡೂ ಮದ್ದಲ್ಲ. ಚಾರ್ಜರ್ ಮೂಲದ್ದೇ ಇದೆಯೇ ನೋಡಿ. ನಡುವೆ ಗುರುತಿನ ಪಿನ್ ಇರುವ ಚಾರ್ಜರ್‌ಗೆ ನಕಲು ಹಾಕಿದರೆ ಸಿಪಿಯು 0.8 ಗಿಗಾಹರ್ಟ್ಸ್‌ನಲ್ಲೇ ಕೂತುಬಿಡುತ್ತದೆ, ಜನ ಅದನ್ನು ಕಾರ್ಡಿನ ದೋಷ ಎಂದುಕೊಳ್ಳುತ್ತಾರೆ.

960ಎಂ ಕೈಕೊಡುವ ಜಾಗವೂ ಒಂದಿದೆ, ಅದಕ್ಕೆ ಪರಿಹಾರವಿಲ್ಲ. ವಿಂಡೋಸ್‌ನ ಡಿಎಕ್ಸ್‌ಡಯಾಗ್ ತೆರೆದರೆ ಡೈರೆಕ್ಟ್‌ಎಕ್ಸ್ ಫೀಚರ್ ಲೆವೆಲ್ (ಕಾರ್ಡ್ ಬಲ್ಲ ಗ್ರಾಫಿಕ್ಸ್ ಸೌಲಭ್ಯಗಳ ಮಟ್ಟ) 11_0ಕ್ಕೇ ನಿಂತಿರುತ್ತದೆ, 1050ಯಲ್ಲಿ 12_1. 12_0 ಕೇಳುವ ಹೊಸ ಗೇಮ್ 960ಎಂನಲ್ಲಿ ತೆರೆಯುವುದೇ ಇಲ್ಲ. ಗೇಮ್ ರೆಕಾರ್ಡ್ ಮಾಡುವವರಿಗೂ 1050 ಮೇಲು, ಅದು ಕಡಿಮೆ ಜಾಗ ಹಿಡಿಯುವ ಎಚ್‌ಇವಿಸಿ ವಿಡಿಯೋ ರೂಪದಲ್ಲಿ ಬರೆಯಬಲ್ಲದು, 960ಎಂ ಬರೆಯಲಾರದು. ಡ್ರೈವರ್ ವಿಚಾರದಲ್ಲಿ ಇಬ್ಬರದೂ ಒಂದೇ ಗತಿ. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಎರಡಕ್ಕೂ 580 ಸರಣಿಯೇ ಕೊನೆ, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಲಿನಕ್ಸ್ ಹಾಕುವವರು ಎನ್‌ವಿಡಿಯಾದ ಓಪನ್ ಮಾಡ್ಯೂಲ್ (ಮುಕ್ತ ಆಕರದ ಡ್ರೈವರ್) ಆರಿಸಬೇಡಿ, ಅದು ಪ್ಯಾಸ್ಕಲ್ ನಂತರದ ಟ್ಯೂರಿಂಗ್ ತಲೆಮಾರಿನಿಂದ ಮೇಲಿನ ಕಾರ್ಡ್‌ಗಳಿಗೆ. ಇವೆರಡಕ್ಕೂ 580ರ ಹಳೆಯ ಪ್ರೊಪ್ರೈಟರಿ ಡ್ರೈವರೇ ಬೇಕು.