ವ್ಯಾಕ್ಯೂಮ್ ಕ್ಲೀನರ್ ದುರಸ್ತಿ: ಮೋಟಾರನ್ನು ದೂರುವ ಮೊದಲು ಗಾಳಿಯ ದಾರಿ ನೋಡಿ

ಕಡಿಮೆ ಬೆಲೆಯ ವ್ಯಾಕ್ಯೂಮ್ ಕ್ಲೀನರ್ ಧೂಳು ಹೀರುವುದನ್ನು ನಿಲ್ಲಿಸಿದ ಕೂಡಲೇ ‘ಮೋಟಾರು ಹೋಯಿತು’ ಎಂದು ತೀರ್ಮಾನಿಸಿ ಅಟ್ಟಕ್ಕೆ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಹುಮ್ಮಸ್ಸಿನಿಂದ ಬಿಚ್ಚಿ, ಮರಳಿ ಜೋಡಿಸುವಾಗ ಒಂದೆರಡು ರಬ್ಬರುಗಳನ್ನು ಹೊರಗೇ ಉಳಿಸಿಕೊಂಡವರನ್ನೂ ನೋಡಿದ್ದೇನೆ. ಇಂಥ ಹೆಚ್ಚಿನ ಯಂತ್ರಗಳಲ್ಲಿ ಕೆಟ್ಟಿರುವುದು ಮೋಟಾರಲ್ಲ, ಗಾಳಿಯ ದಾರಿ. ನಿಜವಾಗಿ ಮೋಟಾರೇ ನಿಂತಿದ್ದರೂ ಅದಕ್ಕೆ ಕಾರ್ಬನ್ ಬ್ರಷ್ ಎಂಬ, ತಿರುಗುವ ತಾಮ್ರದ ಉರುಳೆಗೆ ಒತ್ತಿಕೊಂಡು ವಿದ್ಯುತ್ ಮುಟ್ಟಿಸುವ ಎರಡು ಪುಟ್ಟ ಇಂಗಾಲದ ತುಂಡುಗಳು ಸವೆದಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಕೈ ಹಾಕುವ ಮೊದಲು ಇದರ ಒಳಗುಟ್ಟು ತಿಳಿದಿರಬೇಕು. ಕೊಳವೆಯಿಂದ ಒಳಬಂದ ಗಾಳಿ ಧೂಳಿನ ಚೀಲವನ್ನೂ ಫಿಲ್ಟರನ್ನೂ ದಾಟಿ, ಫ್ಯಾನಿನ ಮೂಲಕ ಹಾದು, ಸಾಮಾನ್ಯವಾಗಿ ಮೋಟಾರಿನ ಮೈಮೇಲೆಯೇ ಹರಿದು ಹೊರಬೀಳುತ್ತದೆ. ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗುವ ಆ ಮೋಟಾರನ್ನು ತಣ್ಣಗಿಡಲು ಬೇರೆ ಏರ್ಪಾಡು ಇರುವುದಿಲ್ಲ. ಆದ್ದರಿಂದ ಚೀಲ ತುಂಬಿದ್ದರೆ ನೆಲ ಸ್ವಚ್ಛವಾಗದಿರುವುದು ಸಣ್ಣ ನಷ್ಟ, ಮೋಟಾರು ಬೇಯುತ್ತಿರುವುದು ದೊಡ್ಡ ನಷ್ಟ.

ಮೊದಲ ಹೆಜ್ಜೆಯಾಗಿ ಯಂತ್ರವನ್ನು ಚಾಲೂ ಮಾಡಿ ಕಿವಿಗೊಟ್ಟು ಕೇಳಿ. ಸದ್ದು ಎಂದಿಗಿಂತ ತಾರಕಕ್ಕೆ ಏರಿದ್ದರೆ ಎಲ್ಲೋ ಗಾಳಿ ಕಟ್ಟಿಕೊಂಡಿದೆ ಎಂದರ್ಥ. ಇದು ಅನೇಕರಿಗೆ ತಿರುಗುಮುರುಗಾಗಿ ತೋರುತ್ತದೆ, ಆದರೆ ತಳ್ಳಲು ಗಾಳಿಯೇ ಇಲ್ಲದಾಗ ಫ್ಯಾನಿನ ಮೇಲಿನ ಹೊರೆ ಇಳಿದು ಮೋಟಾರು ಇನ್ನಷ್ಟು ಜೋರಾಗಿ ತಿರುಗುತ್ತದೆ. ಸದ್ದು ಎಂದಿನಂತಿದ್ದು ಹೀರುವ ಬಲ ಮಾತ್ರ ಕುಂದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ. ಸದ್ದು ಬಿಟ್ಟುಬಿಟ್ಟು ಬಂದರೆ ಸಂಶಯ ವೈರಿನ ಮೇಲೋ ಕಾರ್ಬನ್ ಬ್ರಷ್ಷಿನ ಮೇಲೋ ಹೋಗಬೇಕು. ಕೆಲಸದ ನಡುವೆ ಯಂತ್ರ ತಾನಾಗಿ ನಿಂತು, ಅರ್ಧ ಅಥವಾ ಒಂದು ಗಂಟೆಯ ನಂತರ ಮತ್ತೆ ಹೊರಟರೆ ಬಿಸಿ ಮೀರಿದಾಗ ವಿದ್ಯುತ್ ಕಡಿಯುವ ಒಳಗಿನ ಶಾಖರಕ್ಷಕ ಸ್ವಿಚ್ಚು ತನ್ನ ಕೆಲಸ ಮಾಡಿದೆ. ಆ ಸ್ವಿಚ್ಚನ್ನು ತೆಗೆದು ವೈರನ್ನು ನೇರವಾಗಿ ಜೋಡಿಸುವ ಅಡ್ಡದಾರಿಯನ್ನು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ, ಅದು ಬೆಂಕಿಗೆ ಕೊಟ್ಟ ಆಹ್ವಾನ.

ಇನ್ನು ಯಂತ್ರವನ್ನು ಮರಳಿ ಜೋಡಿಸಿ ಮುಗಿಸುವವರೆಗಿನ ಎಲ್ಲ ಕೆಲಸಕ್ಕೂ ಪ್ಲಗ್ ಗೋಡೆಯಿಂದ ಹೊರಗೆ ಬಂದಿರಬೇಕು. ಸ್ವಿಚ್ ಆರಿಸಿದರೆ ಸಾಲದು.

ಕೊಳವೆಯನ್ನು ಕಳಚಿ ನೆಟ್ಟಗೆ ಹಿಡಿದು ಒಂದು ಗೋಲಿಯನ್ನು ಮೇಲಿನಿಂದ ಬಿಡಿ, ಕೆಳಗೆ ಬಿದ್ದರೆ ದಾರಿ ತೆರೆದಿದೆ. ಕೊಳವೆ ಹಿಡಿಕೆಯ ಬುಡದಲ್ಲಿ ಸೀಳಿದ್ದರೆ ಟೇಪು ಸುತ್ತುವುದು ನಾಲ್ಕು ದಿನದ ಮಾತು. ಸೀಳಿದ ತುದಿಯನ್ನು ಕತ್ತರಿಸಿ ಉಳಿದ ಕೊಳವೆಯನ್ನು ಮತ್ತೆ ಹಿಡಿಕೆಯೊಳಗೆ ತಿರುಗಿಸಿ ಕೂರಿಸುವುದೇ ಸರಿ. ಅನೇಕ ಕೊಳವೆಗಳ ತಿರುಪಿನ ಗೆರೆ ಎಡಕ್ಕೆ ತಿರುಗುವಂಥದ್ದು, ಆದ್ದರಿಂದ ಬಲವಂತ ಮಾಡುವ ಮೊದಲು ಎರಡೂ ದಿಕ್ಕಿಗೆ ಪ್ರಯತ್ನಿಸಿ. ನೆಲ ಉಜ್ಜುವ ಉರುಳು ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಎಳೆದರೆ ಮುಗಿಯಿತು.

ಚೀಲ ಮುಕ್ಕಾಲು ಭಾಗ ತುಂಬುವ ಮೊದಲೇ ಖಾಲಿಯಾಗಬೇಕು. ಗೋಡೆ ಕೊರೆದ ಪುಡಿ, ಸಿಮೆಂಟು, ಬೂದಿಯಂಥ ನುಣುಪು ಧೂಳನ್ನು ಮನೆಯ ಯಂತ್ರದಿಂದ ಎಳೆಯಲೇಬಾರದು. ಅದು ಚೀಲದ ರಂಧ್ರಗಳನ್ನು ಕೆಲವೇ ನಿಮಿಷಗಳಲ್ಲಿ ಮುಚ್ಚಿಬಿಡುತ್ತದೆ, ಆಗ ಚೀಲ ಅರ್ಧ ಖಾಲಿಯಿದ್ದರೂ ಗಾಳಿ ಹಾಯುವುದಿಲ್ಲ. ಸ್ಪಂಜಿನ ಫಿಲ್ಟರನ್ನು ತಣ್ಣೀರಿನಲ್ಲಿ ತೊಳೆದು ಹಿಂಡಿ ನೆರಳಿನಲ್ಲಿ ಕನಿಷ್ಠ 24 ಗಂಟೆ ಒಣಗಿಸಿ. ಮುಟ್ಟಿದರೆ ಒಣಗಿದಂತೆ ಕಂಡರೂ ಅದರ ಒಡಲಲ್ಲಿ ತೇವ ಉಳಿದಿರುತ್ತದೆ. ಆ ತೇವಕ್ಕೆ ಧೂಳು ಕೆಸರಾಗಿ ಅಂಟಿ ದುರ್ವಾಸನೆ ಹುಟ್ಟುವುದಲ್ಲದೆ, ನೀರಿನ ಅಂಶ ನೇರವಾಗಿ ಮೋಟಾರಿಗೆ ಹೋಗುತ್ತದೆ. ನೆರಿಗೆ ಕಾಗದದ ಫಿಲ್ಟರಿನ ಮೇಲೆ ‘ತೊಳೆಯಬಹುದು’ ಎಂದು ಬರೆದಿರದಿದ್ದರೆ ತೊಳೆಯದೆ ಬದಲಿಸಿ. ‘ಎಲ್ಲ ಮಾದರಿಗೂ ಹೊಂದುತ್ತದೆ’ ಎಂದು ಮಾರುವ, ಕತ್ತರಿಸಿ ಹಾಕಿಕೊಳ್ಳುವ ಫಿಲ್ಟರ್ ಹಾಳೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಸರಿಯಿದ್ದೂ ಯಂತ್ರ ತಡವರಿಸುತ್ತಿದ್ದರೆ ಕಾರ್ಬನ್ ಬ್ರಷ್ ನೋಡಬೇಕು. ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಹತ್ತಿರದ ಬಂಧುವೊಬ್ಬರು ತಂದುಕೊಟ್ಟ ಯಂತ್ರವೊಂದನ್ನು ಬಿಚ್ಚಿದಾಗ ಮೋಟಾರಿನ ಸುತ್ತ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಫಿಲ್ಟರ್ ಹರಿದ ಮೇಲೂ ತಿಂಗಳುಗಟ್ಟಲೆ ಹಾಗೆಯೇ ಓಡಿಸಿದ್ದರು. ಒಂದು ಬ್ರಷ್ ಉಗುರಿನಷ್ಟು ಉಳಿದಿತ್ತು, ಇನ್ನೊಂದು ಸಾಕಷ್ಟು ಉದ್ದವಿದ್ದರೂ ಧೂಳಿನಿಂದ ತನ್ನ ಗೂಡಿನಲ್ಲೇ ಸಿಕ್ಕಿಕೊಂಡು ತಾಮ್ರದ ಉರುಳೆಯನ್ನು ಮುಟ್ಟುತ್ತಲೇ ಇರಲಿಲ್ಲ. ಬರೀ ಉದ್ದ ನೋಡಿದ್ದರೆ ಆ ಎರಡನೆಯ ದೋಷ ಕಣ್ಣಿಗೆ ಬೀಳುತ್ತಿರಲಿಲ್ಲ.

ಹೊರಕವಚದ ಸ್ಕ್ರೂಗಳನ್ನು ಕೈಯಿಂದಲೇ ಬಿಚ್ಚಿ. ವಿದ್ಯುತ್ ಸ್ಕ್ರೂಡ್ರೈವರ್ ಅಗ್ಗದ ಪ್ಲಾಸ್ಟಿಕ್ಕಿನ ತಿರುಪಿನ ಗೆರೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಮೋಟಾರಿನ ಒಂದು ತುದಿಯಲ್ಲಿ, ತಾಮ್ರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಉರುಳೆಯ ಎರಡು ಬದಿಗೆ ಎರಡು ಗೂಡುಗಳಿರುತ್ತವೆ. ಈ ಉರುಳೆಯೇ ಕಮ್ಯುಟೇಟರ್. ಗೂಡನ್ನು ಹಿಡಿದಿರುವ ಸ್ಕ್ರೂ ತೆಗೆದು, ವೈರಿನ ಕ್ಲಿಪ್ಪು ಜಾರಿಸಿ, ಬ್ರಷ್ಷನ್ನು ಹೊರತೆಗೆಯಿರಿ. ಬೆರಳಿನಿಂದ ಒತ್ತಿ ಬಿಟ್ಟರೆ ಅದು ಸ್ಪ್ರಿಂಗಿನ ಬಲಕ್ಕೆ ತಡೆಯಿಲ್ಲದೆ ಮುಂದೆ ಬರಬೇಕು. ಉದ್ದ 1 ಸೆಂಟಿಮೀಟರಿಗಿಂತ ಕಡಿಮೆಯಾಗಿದ್ದರೆ ಬದಲಿಸಿ, ಒಂದು ಮಾತ್ರ ಸವೆದಿದ್ದರೂ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸತನ್ನು ಕೊಳ್ಳುವಾಗ ಹಳೆಯದನ್ನು ಜೊತೆಗೊಯ್ದು ಅಗಲ, ದಪ್ಪ ಎರಡನ್ನೂ ಅಳೆದು ನೋಡಿ. ಅರ್ಧ ಮಿಲಿಮೀಟರ್ ದಪ್ಪಗಿದ್ದರೂ ಅದು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳ್ಳಗಿದ್ದರೆ ಅಲ್ಲಾಡಿ ಕಿಡಿ ಹಾರಿಸುತ್ತದೆ.

ಹೊಸ ಬ್ರಷ್ ಹಾಕುವ ಮೊದಲು ಕಮ್ಯುಟೇಟರನ್ನು ಪರೀಕ್ಷಿಸಿ. ಮೈಯೆಲ್ಲ ಒಂದೇ ಸಮನಾದ ಕಂದು ಬಣ್ಣವಿದ್ದರೆ ಅದು ಆರೋಗ್ಯದ ಲಕ್ಷಣ, ಅದನ್ನು ಉಜ್ಜಿ ಹೊಳಪಿಸಲು ಹೋಗಬೇಡಿ. ಒಟ್ಟಾರೆ ಕರಿ ಹಿಡಿದಿದ್ದರೆ 400ನೇ ನಂಬರಿನ ಮರಳು ಕಾಗದವನ್ನು ಹಗುರವಾಗಿ ಒತ್ತಿ ಹಿಡಿದು ಮೋಟಾರನ್ನು ಕೈಯಿಂದ ತಿರುಗಿಸಿ. ಇದಕ್ಕೆ ಕಬ್ಬಿಣ ಉಜ್ಜುವ ಎಮೆರಿ ಬಟ್ಟೆ ಬೇಡ, ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಹೂತು ಹೊಸ ಬ್ರಷ್ಷನ್ನು ಕೊರೆಯುತ್ತವೆ. ಪಟ್ಟಿಗಳ ನಡುವಿನ ಸಂದನ್ನು ಮರದ ಕಡ್ಡಿಯಿಂದ ಬಿಡಿಸಿ. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಗುಳಿಬಿದ್ದಿದ್ದರೆ ಒಳಗಿನ ಸುರುಳಿಯೇ ಕೆಟ್ಟಿರುವ ಸಂಭವ ಹೆಚ್ಚು. ಅಂಥ ಮೋಟಾರಿಗೆ ಹೊಸ ಬ್ರಷ್ ಹಾಕುವುದು ವ್ಯರ್ಥ.

ಹೊಸ ಬ್ರಷ್ಷಿನ ಮೂತಿ ಚಪ್ಪಟೆಯಾಗಿದ್ದರೆ ದುಂಡಗಿನ ಉರುಳೆಗೆ ಅದು ಒಂದು ಗೆರೆಯಷ್ಟೇ ತಾಗುತ್ತದೆ. ಹಾಗೆಯೇ ಪೂರ್ಣ ವೇಗಕ್ಕೆ ಬಿಟ್ಟರೆ ಕಿಡಿ ಹಾರಿ ತಾಮ್ರ ಸುಡುತ್ತದೆ, ‘ಹೊಸದು ಹಾಕಿದೆ, ವಾರದಲ್ಲೇ ಹೋಯಿತು’ ಎಂಬ ದೂರಿನ ಮೂಲ ಬಹುಪಾಲು ಇದೇ. ಮರಳು ಕಾಗದದ ಪಟ್ಟಿಯೊಂದನ್ನು ಒರಟು ಮೈ ಹೊರಗಿರುವಂತೆ ಕಮ್ಯುಟೇಟರಿಗೆ ಸುತ್ತಿ, ಬ್ರಷ್ಷನ್ನು ಅದರ ಮೇಲೆ ಕೂರಿಸಿ, ಕೈಯಿಂದ ಕೆಲವು ಸುತ್ತು ತಿರುಗಿಸಿದರೆ ಮೂತಿಗೆ ಉರುಳೆಯದೇ ಬಾಗು ಬರುತ್ತದೆ. ಕಾಗದ ತೆಗೆದ ಮೇಲೆ ಕಪ್ಪು ಪುಡಿಯನ್ನು ಒಣ ಕುಂಚದಿಂದ ಪೂರ್ತಿ ಗುಡಿಸಿಬಿಡಿ, ಅದು ವಿದ್ಯುತ್ ಹರಿಸುವ ಪುಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನಾಗಲಿ ಎಣ್ಣೆಯನ್ನಾಗಲಿ ಈ ಜಾಗಕ್ಕೆ ಒಂದು ಹನಿಯೂ ಹಾಕಬಾರದು, ಇಂಗಾಲದ ಪುಡಿಯೊಂದಿಗೆ ಸೇರಿ ಅದು ಅಂಟಾಗುತ್ತದೆ.

ಮರುಜೋಡಣೆಯಲ್ಲಿ ಕಾಯಬೇಕಾದದ್ದು ಮೋಟಾರಿನ ಎರಡು ತುದಿಯ ರಬ್ಬರು ಉಂಗುರಗಳನ್ನು. ಮುಂದಿನ ಉಂಗುರ ಮಡಚಿಕೊಂಡರೆ ಫ್ಯಾನು ಚೀಲದ ಕಡೆಯಿಂದ ಎಳೆಯುವ ಬದಲು ತಾನು ಹೊರಬಿಟ್ಟ ಗಾಳಿಯನ್ನೇ ಮತ್ತೆ ಎಳೆಯತೊಡಗುತ್ತದೆ. ಆಗ ಮೋಟಾರು ಸೊಗಸಾಗಿ ತಿರುಗಿದರೂ ಕೊಳವೆಯ ಬಾಯಲ್ಲಿ ಏನೂ ಇರುವುದಿಲ್ಲ. ಕವಚ ಮುಚ್ಚುವ ಮೊದಲು ಬೆರಳಾಡಿಸಿ ಉಂಗುರ ಸುತ್ತಲೂ ಸಮನಾಗಿ ಕೂತಿದೆಯೇ, ವೈರು ಯಾವುದಾದರೂ ಅಂಚಿಗೆ ಸಿಕ್ಕಿದೆಯೇ ಎಂದು ನೋಡಿ.

ಈಗ ಪ್ಲಗ್ ಹಾಕಿ, ವೇಗದ ಗುಂಡಿ ಇದ್ದರೆ ಕನಿಷ್ಠಕ್ಕಿಟ್ಟು ಹತ್ತು ನಿಮಿಷ ಓಡಿಸಿ. ಗುಂಡಿ ಇಲ್ಲದಿದ್ದರೆ ಒಂದೊಂದೇ ನಿಮಿಷ ಓಡಿಸಿ ನಡುನಡುವೆ ಬಿಡುವು ಕೊಡಿ. ಮೊದಲಿಗೆ ಸ್ವಲ್ಪ ಸುಟ್ಟ ವಾಸನೆ ಬಂದು ಕ್ರಮೇಣ ಕಡಿಮೆಯಾಗುವುದು ಸಹಜ. ವಾಸನೆ ಏರುತ್ತಲೇ ಹೋದರೆ, ಇಲ್ಲವೇ ಗಾಳಿ ಹೊರಬೀಳುವ ಕಿಂಡಿಯಲ್ಲಿ ಬೆಳಕಿನ ಬಳೆಯಂತೆ ಕಿಡಿ ಸುತ್ತುವುದು ಕಂಡರೆ, ಆ ಕ್ಷಣವೇ ಪ್ಲಗ್ ಕೀಳಿ. ಎಲ್ಲ ಸರಿಯಿದ್ದರೆ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿ ನೋಡಿ: ಅಂಗೈ ಗಟ್ಟಿಯಾಗಿ ಎಳೆದುಕೊಂಡು, ಸದ್ದು ಒಮ್ಮೆಲೇ ಮೇಲಕ್ಕೇರಬೇಕು. ಎಳೆತ ಸಡಿಲವೆನಿಸಿದರೆ ಚೀಲದ ಗೂಡಿನ ಮುಚ್ಚಳದ ರಬ್ಬರಿನಿಂದ ಮತ್ತೆ ಪರೀಕ್ಷೆ ಆರಂಭಿಸಿ.