ಅಟ್ಟದಲ್ಲೊಂದು ನೆಂಟರ ಕೋಣೆ ಮಾಡುವುದು ಹೇಗೆ?

ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಗೆ ಮತ್ಸ್ಯಗಂಧ ರೈಲಿನಲ್ಲಿ ಮುಂಬೈ ನೆಂಟರು ಬಂದಿಳಿಯುತ್ತಾರೆ. ಉಡುಪಿಯವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಮಠದ ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯದ ಹೊತ್ತಿಗೆ ಇನ್ನೊಂದು ದಂಡು. ನಡುನಡುವೆ ದೈವದ ನೇಮ, ಮದುವೆ, ಗೃಹಪ್ರವೇಶ. ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಿ ಎಲ್ಲರನ್ನೂ ಮಲಗಿಸುತ್ತಿದ್ದ ಕಾಲ ಹೋಯಿತು. ಈಗ ಬಂದವರಿಗೂ ಒಂದು ಬಾಗಿಲು ಬೇಕು, ಫ್ಯಾನು ಬೇಕು, ಮೊಬೈಲ್ ಚಾರ್ಜ್ ಮಾಡಲು ಒಂದು ಪಾಯಿಂಟ್ ಬೇಕು.

ಹೊಸ ಕೋಣೆ ಕಟ್ಟಿಸುವ ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಆದರೆ ಹಂಚಿನ ಮನೆಯಾದರೆ ತಲೆಯ ಮೇಲೆ ಅಟ್ಟವೊಂದು ಇದ್ದೇ ಇರುತ್ತದೆ ಅಲ್ವಾ? ತೆಂಗಿನಕಾಯಿ, ಒಡೆದ ತೊಟ್ಟಿಲು, ಹಳೆ ಪಠ್ಯಪುಸ್ತಕ, ಯಾರೂ ಕೇಳದ ಹಿತ್ತಾಳೆ ಪಾತ್ರೆ ತುಂಬಿಕೊಂಡು ಸುಮ್ನೆ ಬಿದ್ದಿರುವ ಜಾಗ. ಅದನ್ನೇ ಮಲಗುವ ಕೋಣೆ ಮಾಡಬಹುದು.

ಕೈಯಲ್ಲಿ 20 ಸಾವಿರ ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ನನ್ನ ಲೆಕ್ಕ ಹೀಗೆ: ಅರ್ಧ ದುಡ್ಡು ಮಾಡಿಗೆ (ಅಂದರೆ ಹಂಚಿನ ಛಾವಣಿಗೆ), ಕಾಲು ಭಾಗ ವಯರಿಂಗ್ ಮತ್ತು ಫ್ಯಾನಿಗೆ, ಉಳಿದ ಕಾಲು ಭಾಗದಲ್ಲಿ ಗೋಡೆ, ಹಾಸಿಗೆ, ಪರದೆ ಎಲ್ಲವೂ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಚಂದದ ಬೆಡ್‌ಶೀಟು, ಬಣ್ಣದ ದೀಪದ ಮಾಲೆ ಎಲ್ಲ ತಂದ ಮೇಲೆ ಜೂನ್ ಮೊದಲ ವಾರ ತಲೆದಿಂಬಿನ ಮೇಲೆ ತೊಟತೊಟ ನೀರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಉಡುಪಿಯಲ್ಲಿ ಅದಕ್ಕಿಂತಲೂ ಹೆಚ್ಚು. ನಮ್ಮಲ್ಲಿ ಅಲಂಕಾರ ಶುರುವಾಗುವುದು ಮಾಡಿನಿಂದ.

ಖಾಲಿ ಮಾಡಿ, ಆಚಾರಿಯನ್ನು ಕರೆಯಿರಿ

ಮೊದಲು ಅಟ್ಟವನ್ನು ಪೂರ್ತಿ ಖಾಲಿ ಮಾಡಿ. ಗುಜರಿಯವನನ್ನು ಮಾತ್ರ ಅದೇ ದಿನ ಕರೆಯಬೇಡಿ. ಅಕ್ಕಿ ಅಳೆಯುವ ಕಳಸೆ, ಮರದ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಹಳೆ ಕಿಟಕಿಯ ಚೌಕಟ್ಟು, ಇವನ್ನೆಲ್ಲ ಒಂದು ಮೂಲೆಯಲ್ಲಿ ಇಡಿ. ಮುಂದೆ ಕೆಲಸಕ್ಕೆ ಬರುತ್ತವೆ.

ಆಮೇಲೆ ನೆಲ ನೋಡಿ. ತೊಲೆ, ಹಲಗೆಗಳನ್ನು ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಮರ ಕೊಳೆತಿದೆ. ಹಿಟ್ಟಿನಂಥ ಪುಡಿ ಉದುರಿದ್ದರೆ ಮರ ಕೊರೆಯುವ ಹುಳ ಇದೆ, ಗೋಡೆಯಿಂದ ಮರಕ್ಕೆ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಅಟ್ಟದ ನೆಲ ಇಬ್ಬರು ಮೂವರು ಓಡಾಡುವಷ್ಟು ಗಟ್ಟಿ ಇದೆಯಾ ಅಂತ ಒಮ್ಮೆ ಆಚಾರಿಯೇ (ಬಡಗಿಯೇ) ನೋಡಿ ಹೇಳಲಿ. ಇದರಲ್ಲಿ ನಮ್ಮ ಅಂದಾಜು ನಡೆಯುವುದಿಲ್ಲ.

ಮೆಟ್ಟಿಲಿಗೆ ಕೈಹಿಡಿ ಬೇಕು. ಅಟ್ಟಕ್ಕೆ ಹತ್ತುವ ಬಾಯಿಯ ಸುತ್ತ ಸೊಂಟದೆತ್ತರದ ಕಟಕಟೆ ಬೇಕು, ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರು ಸೀದಾ ಕೆಳಗೆ ಹೋಗಬಾರದು. ಇನ್ನು ಕಡಿದಾದ ಏಣಿಯೇ ಗತಿ ಎಂದಾದರೆ ಅಜ್ಜ ಅಜ್ಜಿಯರನ್ನು ಹತ್ತಿಸುವ ಯೋಚನೆ ಬಿಡಿ. ಅವರಿಗೆ ಕೆಳಗಿನ ಕೋಣೆ ಬಿಟ್ಟುಕೊಟ್ಟು ಮನೆಯ ಮಕ್ಕಳು ಮೇಲೆ ಮಲಗಲಿ. ಮಕ್ಕಳಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಮಾಡಿನ ಕೆಲಸ: ಮುಕ್ಕಾಲು ಯಶಸ್ಸು ಇಲ್ಲಿದೆ

ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ಈ ಕೆಂಪು ಹಂಚು ನಮ್ಮ ಊರಿನ ಹೆಸರನ್ನೇ ಹೊತ್ತು ಲೋಕ ಸುತ್ತಿದೆ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವುದೇ ಅದರ ಗುಟ್ಟು. ಸೋರಿಕೆಯ ಗುಟ್ಟೂ ಅಲ್ಲೇ ಇದೆ.

ಹಂಚು ಒಡೆದಾಗ ಸಿಕ್ಕಿದ ಹಂಚು ತಂದು ಸಿಕ್ಕಿಸುತ್ತೇವೆ. ಒಂದೊಂದು ಕಾರ್ಖಾನೆಯ ಹಂಚಿನ ಅಳತೆ, ಕೊಂಡಿ ಕೂರುವ ಗಾಡಿಯ (ತೋಡಿನ) ಆಳ ಬೇರೆ ಬೇರೆ. ಕೂತ ಹಾಗೆ ಕಾಣುತ್ತದೆ, ಆದರೆ ಗಾಳಿ ಮಳೆಗೆ ನೀರು ಒಳಗೆ ನುಗ್ಗುತ್ತದೆ. ನಿಮ್ಮ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದೇ ಹೆಸರಿನದ್ದನ್ನು ಹುಡುಕಿ. ಕಾರ್ಖಾನೆ ಮುಚ್ಚಿದ್ದರೂ ಹಳೆ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ, ಹೊಸದಕ್ಕಿಂತ ಅಗ್ಗಕ್ಕೆ. ಕೊಳ್ಳುವ ಮೊದಲು ಬೆರಳಿನಿಂದ ತಟ್ಟಿ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಮಂಕಾದ ಸದ್ದು ಬರುತ್ತದೆ.

ಹಂಚು ಕೈಯಾಡಿಸುವ ಕೆಲಸ, ಅಂದರೆ ಹಂಚು ತೆಗೆದು, ಪಾಚಿ ಕಸ ಗುಡಿಸಿ, ರೀಪು (ಹಂಚು ಕೂರುವ ಅಡ್ಡಪಟ್ಟಿ) ನೋಡಿ ಮತ್ತೆ ಜೋಡಿಸುವುದು, ಜನವರಿ ಫೆಬ್ರವರಿಯಲ್ಲಿ ಆಗಬೇಕು. ಮೇ ಕೊನೆಯಲ್ಲಿ, ನೇಮ ಯಕ್ಷಗಾನಗಳ ಕಾಲ ಮುಗಿಯುವ ಪತ್ತನಾಜೆಯ ಹೊತ್ತಿಗೆ ಕೆಲಸದವರಿಗೆ ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ, ಊರೆಲ್ಲ ಆಗಲೇ ಫೋನ್ ಮಾಡುತ್ತಿರುತ್ತದೆ. ಕೂಲಿ ದಿನಕ್ಕೆ ಸಾವಿರದ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ. ದುಬಾರಿ ಅನಿಸಿದರೂ ನೀವೇ ಮಾಡಿಗೆ ಹತ್ತಬೇಡಿ. ಒಂದೊಂದು ಹಂಚು ಎರಡರಿಂದ ಮೂರು ಕಿಲೋ ಭಾರ, ರೀಪಿನ ಮೇಲೆ ಕಾಲಿಡುವುದಕ್ಕೆ ಅಭ್ಯಾಸ ಬೇಕು.

ಹಂಚು ತೆಗೆದಾಗಲೇ ಪಕ್ಕಾಸು (ಮಾಡು ಹೊರುವ ಇಳಿಜಾರು ಮರ), ರೀಪುಗಳಿಗೆ ಗೇರೆಣ್ಣೆ ಬಳಿಸಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆ ಗೆದ್ದಲಿಗೂ ಹುಳಕ್ಕೂ ಹಳೆಯ ಮದ್ದು. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ವಾಸನೆ ಹೋಗುವುದಕ್ಕೂ ಸಮಯ ಹಿಡಿಯುತ್ತದೆ, ನೆಂಟರು ಬರುವ ವಾರ ಬಳಿದರೆ ಕಷ್ಟ.

ಹಂಚಿನ ಕೆಳಗೆ ಟರ್ಪಾಲು ಹಾಸಿದರೆ ಸೋರುವುದಿಲ್ಲ ಎನ್ನುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಗಾಳಿ ಆಡುವುದು ನಿಲ್ಲುತ್ತದೆ, ಒಳಗೆ ಹಬೆ ಕೂತು ಮರ ತೇವ ಹಿಡಿಯುತ್ತದೆ, ಎಲ್ಲಿ ಸೋರುತ್ತಿದೆ ಅಂತ ಗೊತ್ತೂ ಆಗುವುದಿಲ್ಲ.

ಬೆಳಕು ಬರಲಿ, ಬಿಸಿಲು ಬೇಡ

ಮೂರು ನಾಲ್ಕು ಗಾಜಿನ ಹಂಚು ಹಾಕಿಸಿದರೆ ಹಗಲು ದೀಪವೇ ಬೇಡ. ಎಲ್ಲಿ ಹಾಕಬೇಕು ಎನ್ನುವುದು ಮುಖ್ಯ. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಉಡುಪಿಯಲ್ಲಿ ಮರುದಿನ, ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನೆಂಟರ ಕಾಲವೂ ಅದೇ. ಹಾಗಾಗಿ ಉತ್ತರದ ಇಳಿಜಾರು ತಂಪು ಎಂಬ ಲೆಕ್ಕ ಬೇಸಗೆಯಲ್ಲಿ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಗಾಜಿನ ಹಂಚು ಮೆಟ್ಟಿಲಿನ ಮೇಲೆ, ಓಡಾಡುವ ದಾರಿಯ ಮೇಲೆ ಇರಲಿ. ಹಾಸಿಗೆಯ ಮೇಲೆ ಬೇಡವೇ ಬೇಡ, ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವನವರ ಮುಖದ ಮೇಲೆ ಬಿಸಿಲಿನ ಚೌಕ ಬೀಳುತ್ತದೆ.

ಸೆಕೆಗೆ ಉಪಾಯ ಗಾಳಿಯ ದಾರಿ. ಕರಾವಳಿಯಲ್ಲಿ ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದ ಕಡೆಯಿಂದ ಕಡಲಿಗೆ. ಪೂರ್ವ ಪಶ್ಚಿಮ ಎರಡೂ ಕಡೆ ಒಂದೊಂದು ಕಿಂಡಿ ಇದ್ದರೆ ಎರಡೂ ಹೊತ್ತು ಕೆಲಸ ಆಗುತ್ತದೆ. ಅಟ್ಟದ ತ್ರಿಕೋನ ಗೋಡೆಯಲ್ಲಿ ಮೊದಲೇ ಮರದ ಜಾಲಿ ಇದ್ದರೆ ಅದೃಷ್ಟ. ಅದನ್ನು ಮುಚ್ಚಬೇಡಿ, ಒಳಗಿನಿಂದ ಸೊಳ್ಳೆ ಬಲೆ ಹೊಡೆಯಿರಿ ಸಾಕು. ಬಿಸಿ ಗಾಳಿ ಮೇಲೇರಿ ಅಲ್ಲೇ ನಿಲ್ಲುವುದರಿಂದ ಆ ಗೋಡೆಯ ತುದಿಯಲ್ಲಿ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಇಟ್ಟು ಸಂಜೆ ಒಂದು ಗಂಟೆ ಓಡಿಸಿ. ಕೋಣೆ ಮಲಗುವ ಹದಕ್ಕೆ ಬರುತ್ತದೆ. ಮಾಡು ತಗ್ಗಿದ್ದರೆ ಸೀಲಿಂಗ್ ಫ್ಯಾನ್ ಅಪಾಯ, ಗೋಡೆ ಫ್ಯಾನ್ ಹಾಕಿ.

ಜಿಪ್ಸಮ್ ಸೀಲಿಂಗ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಚಹಾ ಕೊಟ್ಟು ಕಳಿಸಿ. ಒಂದು ಹಂಚು ಜಾರಿದರೆ ಸಾಕು, ತೇವ ಕುಡಿದು ಉಬ್ಬುತ್ತದೆ. ಪ್ಲಾಸ್ಟಿಕ್ ಸೀಲಿಂಗಿನ ಮೇಲೆ ಇಲಿಗಳು ರಾತ್ರಿಯಿಡೀ ಓಟದ ಪಂದ್ಯ ನಡೆಸುತ್ತವೆ. ಅಷ್ಟಕ್ಕೂ ಆ ಕೆಂಪು ಹಂಚು, ಕಪ್ಪು ಪಕ್ಕಾಸು ಇವೇ ಈ ಕೋಣೆಯ ಚಂದ. ಮುಚ್ಚುವುದು ಯಾಕೆ? ತೀರಾ ಬಿಸಿ ತಾಗುತ್ತದೆ ಅಂದರೆ ಹಾಸಿಗೆಯ ಮೇಲ್ಭಾಗಕ್ಕೆ ಮಾತ್ರ ಬಿದಿರಿನ ಚಾಪೆಯನ್ನು ಮರದ ಚೌಕಟ್ಟಿಗೆ ಹೊಡೆದು ಪಕ್ಕಾಸಿನ ಅಡಿಗೆ ಸಿಕ್ಕಿಸಿ. ಹಂಚಿಗೂ ಚಾಪೆಗೂ ನಡುವೆ ಪಕ್ಕಾಸಿನ ದಪ್ಪದಷ್ಟು ಗಾಳಿ ಉಳಿಯುತ್ತದೆ. ಮೇಲಿನ ಮತ್ತು ಕೆಳಗಿನ ಅಂಚು ತೆರೆದೇ ಇರಲಿ. ಚೌಕಟ್ಟು ಬಿಚ್ಚಿ ತೆಗೆಯುವ ಹಾಗಿದ್ದರೆ ವರ್ಷಕ್ಕೊಮ್ಮೆ ಧೂಳು ಕೊಡವಬಹುದು.

ಗೋಡೆಗೆ ಸುಣ್ಣ

ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಗೆ ಚಿಪ್ಪಿನ ಸುಣ್ಣಕ್ಕಿಂತ ಅಗ್ಗದ, ಹೊಂದುವ ಬಣ್ಣ ನನಗೆ ಕಂಡಿಲ್ಲ. ಗೋಡೆಯ ತೇವ ಹೊರಗೆ ಹೋಗಲು ಬಿಡುತ್ತದೆ, ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಸುಟ್ಟ ಸುಣ್ಣ ತಂದರೆ ಅಗಲ ಬಾಯಿಯ ಕಬ್ಬಿಣದ ಬಕೆಟ್‌ನಲ್ಲಿ ನೀರು ತುಂಬಿ, ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿ. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬೇಡ. ಒಂದು ರಾತ್ರಿ ನೆನೆದ ಮೇಲೆ ಹಳೆ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಕೈಗೆ ಅಂಟದಿರಲು ಸ್ವಲ್ಪ ಫೆವಿಕಾಲ್, ಚಿಟಿಕೆ ನೀಲಿ ಸೇರಿಸಿ. ಗೋಡೆಗೆ ನೀರು ಚಿಮುಕಿಸಿ ಮೂರು ತೆಳು ಕೋಟ್ ಬಳಿಯಿರಿ. ಬಳಿದಾಗ ಏನೂ ಹತ್ತಿಲ್ಲ ಅನಿಸುತ್ತದೆ, ಒಣಗಿದ ಮೇಲೆ ಬಿಳಿ ತೇಲಿ ಬರುತ್ತದೆ.

ಗೋಡೆಗೆ ಮೊದಲೇ ಎಮಲ್ಷನ್ ಹೊಡೆದಿದ್ದರೆ ಮಾತ್ರ ಸುಣ್ಣ ನಿಲ್ಲುವುದಿಲ್ಲ, ಉದುರುತ್ತದೆ. ಅಲ್ಲಿ ಅದೇ ಜಾತಿಯ ಪೇಂಟಿನ ತೆಳು ಬಣ್ಣ ಸಾಕು.

ವಯರಿಂಗ್

ಇಲ್ಲಿ ಉಳಿತಾಯ ಬೇಡ. ಒಣ ಮರ, ಇಲಿ, ಬಿಡಿ ವಯರು ಮೂರೂ ಒಟ್ಟಿಗೆ ಇರಬಾರದು. ಎಲ್ಲ ವಯರೂ ಪೈಪಿನ ಒಳಗೆ ಹೋಗಲಿ, ಲೈಸೆನ್ಸ್ ಇರುವವರೇ ಮಾಡಲಿ. 9 ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಎರಡು, ಹಾಸಿಗೆಯ ಪಕ್ಕ ಒಂದು ಸ್ವಿಚ್ಚು, ಒಂದು ಪ್ಲಗ್ಗು. ಮೆಟ್ಟಿಲಿನ ತಲೆಗೊಂದು ರಾತ್ರಿದೀಪ.

ಹಾಸಿಗೆ ಎಲ್ಲಿಡುವುದು

ಅಟ್ಟದಲ್ಲಿ ನಟ್ಟನಡುವೆ ಮಾತ್ರ ತಲೆಯೆತ್ತಿ ನಿಲ್ಲಲು ಸಾಧ್ಯ. ಆ ಜಾಗ ಓಡಾಟಕ್ಕೆ ಬಿಡಿ. ಮಂಚ ಇಳಿಜಾರಿನ ಬದಿಗೆ ಹೋಗಲಿ, ಆದರೆ ಕೂತಾಗ ತಲೆ ಪಕ್ಕಾಸಿಗೆ ಬಡಿಯಬಾರದು. ನೀವೇ ಕೂತು, ಗಬಕ್ಕನೆ ಎದ್ದು ನೋಡಿ ಜಾಗ ಗುರುತು ಹಾಕಿ. ಎತ್ತರದ ಮಂಚ ಬೇಡ. ಹಳೆ ಮನೆಯ ಮರದ ರೀಪುಗಳಿಂದ ಆಚಾರಿ ಒಂದು ಗೇಣು ಎತ್ತರದ ಪಟ್ಟಿ ಮಂಚ ಮಾಡಿಕೊಡುತ್ತಾರೆ. ಪಟ್ಟಿಗಳ ನಡುವೆ ಎರಡು ಬೆರಳು ಸಂದು ಇರಲಿ. ಹಾಸಿಗೆಯ ಅಡಿಗೆ ಗಾಳಿ ಹೋಗದಿದ್ದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಹತ್ತಿಯ ಹಾಸಿಗೆ ಬೇಸಗೆಗೆ ಸುಖ, ಮಳೆಗಾಲಕ್ಕೆ ತಲೆನೋವು. ನಾಲ್ಕು ಇಂಚಿನ ಫೋಮ್ ಹಾಸಿಗೆ, ಅದರ ಮೇಲೆ ಮುಂಡುಗದ ಓಲೆಯ ಚಾಪೆ ಹಾಸಿದರೆ ಸೆಕೆಗೆ ಬೆನ್ನಿಗೆ ತಂಪು.

ಸೊಳ್ಳೆ ಪರದೆ ಮರೆಯಬೇಡಿ. ಮಲೇರಿಯಾ ಮಂಗಳೂರಿಗೆ ಹೊಸದಲ್ಲ. ಪಕ್ಕಾಸಿಗೆ ಒಂದು ಕೊಕ್ಕೆ ಹೊಡೆದು ದುಂಡನೆಯ ಬಿಳಿ ಪರದೆ ಇಳಿಬಿಟ್ಟರೆ ಕೋಣೆಗೆ ಬೇರೆ ಶೃಂಗಾರವೇ ಬೇಡ ಅನ್ನುವಷ್ಟು ಚಂದ ಕಾಣುತ್ತದೆ.

ಈಗ ಅಲಂಕಾರ

ಮೂಲೆಯಲ್ಲಿಟ್ಟ ಸಾಮಾನು ಈಗ ತೆಗೆಯಿರಿ. ಕಳಸೆ ಮಗುಚಿ ಹಾಕಿದರೆ ಮಂಚದ ಪಕ್ಕದ ಮೇಜು. ಮರದ ಪೆಟ್ಟಿಗೆಯಲ್ಲಿ ಹೊದಿಕೆಗಳು ಹೋಗಲಿ, ಅದರ ಮೇಲೆ ಚಾದರ ಹಾಸಿದರೆ ಕೂರುವ ಜಾಗ. ಹಳೆ ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸಿ ನೆಟ್ಟಗಿನ ಗೋಡೆಗೆ ಒರಗಿಸಿ, ಸಣ್ಣ ಕೋಣೆ ದೊಡ್ಡದಾಗಿ ಕಾಣುತ್ತದೆ. ಕರಾವಳಿಯ ಆದಿವಾಸಿಗಳಾದ ಕೊರಗರು ಕಾಡಿನ ಬಳ್ಳಿಯಿಂದ ಹೆಣೆಯುವ ಬುಟ್ಟಿ ಕೊಂಡು ಬಲ್ಬಿಗೆ ಮುಸುಕಾಗಿ ತೂಗಿಬಿಡಿ. ಬಲ್ಬಿಗೂ ಬುಟ್ಟಿಗೂ ಅಂತರ ಇರಲಿ. ಚೌಕಾಸಿ ಮಾತ್ರ ಮಾಡಬೇಡಿ, ಆ ಕೈಕೆಲಸಕ್ಕೆ ಸಿಗುವುದೇ ಕಡಿಮೆ.

ಪರದೆಗೆ ಅಮ್ಮನದೋ ಅತ್ತೆಯದೋ ಹಳೆಯ ಉಡುಪಿ ಸೀರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕೈಮಗ್ಗದ ಹತ್ತಿ ಸೀರೆ ತೆಳ್ಳಗೆ, ಗಾಳಿ ತಡೆಯುವುದಿಲ್ಲ, ಅಗಲ ಅಂಚಿನ ಚೌಕುಳಿ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಒಂದು ಸೀರೆಗೆ ಎರಡು ಕಿಟಕಿ. ಕತ್ತರಿಸುವ ಮೊದಲು ಕೇಳಿಯೇ ಕತ್ತರಿಸಿ!

ಟೆರೇಸಿನ ಮೇಲೆ ಶೀಟ್ ಹಾಕಿದ ಮನೆಯವರೂ ಹೀಗೇ ಮಾಡಬಹುದು. ಬಿಸಿ ಇನ್ನೂ ಜಾಸ್ತಿ ಇರುತ್ತದೆ, ಹಾಗಾಗಿ ಬಿದಿರಿನ ಚಾಪೆ ಕಡ್ಡಾಯ. ಹೊಸದಾಗಿ ಗೋಡೆ ಕಟ್ಟುವುದಾದರೆ ಪಾಲಿಕೆಯಲ್ಲೋ ಪಂಚಾಯತಿಯಲ್ಲೋ ಮೊದಲು ವಿಚಾರಿಸಿ.

ಮಳೆಗಾಲದ ನಾಲ್ಕು ತಿಂಗಳು

ನೆಂಟರಿಲ್ಲದಾಗ ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗಿನ ತೇವ ಅಲ್ಲೇ ಕೂರುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿ, ಮೇಲೆ ಹತ್ತಿ ಬಟ್ಟೆ ಹೊದಿಸಿ. ತಲೆದಿಂಬು, ಹೊದಿಕೆಗಳನ್ನು ಕೆಳಗಿನ ಕಪಾಟಿಗೆ ತನ್ನಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದೆರಡು ದಿನ ಬಿಸಿಲು ಬಂದರೆ ಕಿಂಡಿಗಳನ್ನೆಲ್ಲ ತೆರೆದು ಫ್ಯಾನ್ ಹಾಕಿ ಬಿಡಿ. ಜೋರು ಮಳೆ ಬರುವಾಗ ಒಮ್ಮೆ ಟಾರ್ಚ್ ಹಿಡಿದು ಮೇಲೆ ಹೋಗಿ. ಪಕ್ಕಾಸಿನಲ್ಲಿ ಎಲ್ಲಿ ನೀರಿನ ಗೆರೆ ಇಳಿಯುತ್ತಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜನವರಿಯಲ್ಲಿ ಹಂಚಿನವರು ಬಂದಾಗ ಅದನ್ನು ತೋರಿಸಿದರೆ ಇಡೀ ಮಾಡು ಬಿಚ್ಚುವ ಬದಲು ಆ ಭಾಗ ಮಾತ್ರ ಸರಿ ಮಾಡಿ ಹೋಗುತ್ತಾರೆ.